ಬೇಚರಾಖ್ ಗ್ರಾಮದಲ್ಲೊಂದು ತಂಗುಮನೆ: ಮಾಳಿಗೆ, ದೊಣೆ ಮತ್ತು ಕರಾರುಪತ್ರ

ಚಿಕ್ಕಬಳ್ಳಾಪುರ ಜಿಲ್ಲೆಯ ಕಂದಾಯ ದಾಖಲೆಗಳನ್ನು ತಿರುವಿ ನೋಡಿದವರಿಗೆ ‘ಬೇಚರಾಖ್’ ಎಂದು ನಮೂದಾದ ಗ್ರಾಮಗಳು ಅಲ್ಲಲ್ಲಿ ಸಿಗುತ್ತವೆ. ಸರ್ವೆ ನಕ್ಷೆಯಲ್ಲಿ ಅವುಗಳಿಗೆ ಗಡಿ ಇದೆ, ಗ್ರಾಮಠಾಣಾ ಇದೆ, ಜಮೀನುಗಳಿಗೆ ಪಹಣಿಯೂ ಬರುತ್ತದೆ. ಒಲೆ ಹಚ್ಚುವವರು ಮಾತ್ರ ಯಾರೂ ಇಲ್ಲ. ಅಂಥ ಒಂದು ಊರಿನಲ್ಲಿ, ನಂದಿ ಬೆಟ್ಟದ ಸಾಲಿಗೆ ಸೇರಿದ ಗುಡ್ಡವೊಂದರ ನೆತ್ತಿಗಿಂತ ಸ್ವಲ್ಪ ಕೆಳಗಿರುವ ತಟ್ಟಿನಲ್ಲಿ, ಬೆಂಗಳೂರಿನಿಂದ ಬಂದ ಮೂರು ಕುಟುಂಬಗಳು ಕೆಲವು ವರ್ಷಗಳಿಂದ ನೆಲೆಸಿವೆ. ಪಾಳುಬಿದ್ದಿದ್ದ ಮನೆಗಳಲ್ಲಿ ನಾಲ್ಕನ್ನು ದುರಸ್ತಿ ಮಾಡಿ ಅತಿಥಿಗಳಿಗೆ ಕೊಡುತ್ತಿವೆ. ಈ ಸಲದ ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಉಳಿದು ಬಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬರೆಯಬಾರದೆಂದು ನಡೆಸುವವರೂ ಕೇಳಿಕೊಂಡರು, ಊರಿನ ಹಳೆಯ ಮನೆತನಗಳವರೂ ಕೇಳಿಕೊಂಡರು. ವಾರಾಂತ್ಯದ ಬೆಳಗಿನ ಜಾವ ನಂದಿ ಬೆಟ್ಟದ ತಿರುವುಗಳಲ್ಲಿ ಸಾಲುಗಟ್ಟಿ ನಿಲ್ಲುವ ವಾಹನಗಳನ್ನು ಕಂಡವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಹೋಗಲೇಬೇಕೆನ್ನುವವರು ಯಾರನ್ನು ಕೇಳಬೇಕೆಂಬುದನ್ನು ಮುಂದೆ ತಿಳಿಸಿದ್ದೇನೆ.

ಇಂಥ ಜಾಗಗಳ ಬಗ್ಗೆ ಬರುವ ಅಭಿಪ್ರಾಯಗಳಲ್ಲಿ ಸಾಮಾನ್ಯವಾಗಿ ಸೂರ್ಯೋದಯ, ಮಂಜು, ಊಟದ ರುಚಿ, ಸ್ನಾನಕ್ಕೆ ಬಿಸಿನೀರು, ಇಷ್ಟರ ಮಾತೇ ಇರುತ್ತದೆ. ಅವೆಲ್ಲ ಇಲ್ಲಿಯೂ ಇವೆ, ಚೆನ್ನಾಗಿಯೇ ಇವೆ. ಆದರೆ ಜನ ಬಿಟ್ಟುಹೋದ ಊರಿಗೆ ಬಂದು, ಇದನ್ನು ಮತ್ತೆ ಊರು ಮಾಡುತ್ತೇವೆ ಎಂದು ಹೇಳಿಕೊಂಡವರ ಕೆಲಸವನ್ನು ಅಳೆಯಲು ಬೇರೆ ಪ್ರಶ್ನೆಗಳು ಬೇಕಾಗುತ್ತವೆ. ಊರಿನ ಮೂಲ ಕುಟುಂಬಗಳಿಗೆ ಇದರಲ್ಲಿ ಇರುವ ಪಾಲು ಏನು, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಅತಿಥಿಗಳೆಲ್ಲ ಇಳಿದುಹೋದ ಸೋಮವಾರದಂದು ಅಲ್ಲಿ ಯಾರಿರುತ್ತಾರೆ ಮತ್ತು ಏನು ಮಾಡುತ್ತಿರುತ್ತಾರೆ ಎಂಬ ಮೂರನ್ನೇ ನಾನು ಹೋದಲ್ಲೆಲ್ಲ ಕೇಳಿದೆ. ನನ್ನ ಅಭಿಪ್ರಾಯ ನಿಂತಿರುವುದು ಅವುಗಳಿಗೆ ಸಿಕ್ಕ ಉತ್ತರಗಳ ಮೇಲೆ.

ಬರಿದಾದ ಬೆಟ್ಟದ ಊರಿಗೆ ಹೊರಗಿನವರು ಬಂದು ನೆಲೆಸುವುದು ನಮ್ಮ ಜಿಲ್ಲೆಗೆ ಹೊಸದಾಗಿ ಕಾಣಬಹುದು. ಬೇರೆಡೆ ಇದಕ್ಕೆ ಅರ್ಧ ಶತಮಾನಕ್ಕೂ ಮೀರಿದ ಅನುಭವವಿದೆ. ಇಟಲಿಯ ಫ್ರಿಯುಲಿ ಪ್ರಾಂತ್ಯದಲ್ಲಿ 1976ರ ಭೂಕಂಪದ ನಂತರ ಗುಡ್ಡಗಾಡಿನ ಹಳ್ಳಿಗಳ ಖಾಲಿ ಮನೆಗಳನ್ನು ಏನು ಮಾಡಬೇಕೆಂಬ ಚರ್ಚೆ ನಡೆದಾಗ, ಹೊಸ ಹೋಟೆಲ್ ಕಟ್ಟುವ ಬದಲು ಊರಿನ ಬೇರೆ ಬೇರೆ ಬೀದಿಗಳಲ್ಲಿರುವ ಹಳೆಯ ಮನೆಗಳನ್ನೇ ಕೊಠಡಿಗಳನ್ನಾಗಿ ಬಳಸುವ ‘ಅಲ್ಬೆರ್ಗೊ ದಿಫ್ಯೂಸೊ’ ಪದ್ಧತಿ ರೂಪುಗೊಂಡಿತು. ಜಾನ್‌ಕಾರ್ಲೊ ದಾಲ್‌ಆರಾ ಅದಕ್ಕೆ ನಿಯಮಗಳ ಚೌಕಟ್ಟು ಕೊಟ್ಟವರು. ಅಬ್ರುಜ್ಜೊ ಪ್ರಾಂತ್ಯದಲ್ಲಿ ಸುಮಾರು 1,250 ಮೀಟರ್ ಎತ್ತರದಲ್ಲಿರುವ ಸಾಂತೊ ಸ್ಟೆಫಾನೊ ದಿ ಸೆಸ್ಸಾನಿಯೊ ಎಂಬ ಊರಿನಲ್ಲಿ ಡಾನಿಯೆಲೆ ಕಿಲ್‌ಗ್ರೆನ್ ಅದೇ ಜಾಡಿನಲ್ಲಿ ಮನೆಗಳನ್ನು ಕೊಂಡು, ಮಸಿ ಹಿಡಿದ ಗೋಡೆಗಳನ್ನು ಕೂಡ ಹಾಗೆಯೇ ಉಳಿಸಿ ಅತಿಥಿಗೃಹ ತೆರೆದರು. ಇದಕ್ಕೆ ವಿರುದ್ಧವಾದ ಪಾಠವೂ ಅದೇ ದೇಶದಲ್ಲಿದೆ. ಲಿಗೂರಿಯಾದ ಬುಸ್ಸಾನಾ ವೆಕಿಯಾ 1887ರ ಭೂಕಂಪದಲ್ಲಿ ಕುಸಿದು, ಜನ ಬಿಟ್ಟುಹೋದ ಊರು. ಕಳೆದ ಶತಮಾನದ ನಡುಭಾಗದ ನಂತರ ಕಲಾವಿದರು ಬಂದು ಮನೆಗಳನ್ನು ಎತ್ತಿ ನಿಲ್ಲಿಸಿದರು. ಆದರೆ ಒಡೆತನ ಯಾರದೆಂಬುದು ಇತ್ಯರ್ಥವಾಗದೆ ಸರ್ಕಾರಕ್ಕೂ ನಿವಾಸಿಗಳಿಗೂ ದಶಕಗಳ ಕಾಲ ವ್ಯಾಜ್ಯ ನಡೆಯಿತು. ನಮ್ಮ ದೇಶದಲ್ಲಿ ಈ ಸಂಕಟ ಹೆಚ್ಚು ಕಾಣುವುದು ಉತ್ತರಾಖಂಡದಲ್ಲಿ. 2011ರ ಜನಗಣತಿಯ ವೇಳೆಗೇ ಅಲ್ಲಿ ಸಾವಿರಕ್ಕೂ ಹೆಚ್ಚು ಗ್ರಾಮಗಳು ನಿರ್ಜನವಾಗಿದ್ದವು. ವಲಸೆಯ ಅಧ್ಯಯನಕ್ಕೆಂದೇ 2017ರಲ್ಲಿ ರಚನೆಯಾದ ಆಯೋಗ, 2011ರ ನಂತರ ಮತ್ತೂ 734 ಗ್ರಾಮಗಳು ಬರಿದಾದವು ಎಂದು ಮರುವರ್ಷ ವರದಿ ಕೊಟ್ಟಿತು. ನಾನು ಉಳಿದುಬಂದ ಜಾಗವನ್ನು ನಡೆಸುವವರು ಇವನ್ನೆಲ್ಲ ಓದಿಕೊಂಡಿದ್ದಾರೆ. ನಾಲ್ಕು ಮನೆಗಳು ನಾಲ್ಕು ದಿಕ್ಕಿನಲ್ಲಿವೆ, ಅಡುಗೆಮನೆ ಒಂದೇ. ಊಟಕ್ಕೆ ಹೋಗಬೇಕಾದರೆ ಊರಿನ ನಡುವೆ ನಡೆದೇ ಹೋಗಬೇಕು. ಈ ಏರ್ಪಾಡು ಇಟಲಿಯಿಂದ ಕಲಿತದ್ದೆಂದು ಅವರೇ ಹೇಳಿದರು.

ನಮ್ಮ ಕಡೆಯ ಊರುಗಳು ಬರಿದಾದ ಕಾರಣಗಳು ಬೇರೆ. ಹಳೆಯ ಬೇಚರಾಖ್ ಗ್ರಾಮಗಳಲ್ಲಿ ಎಷ್ಟೋ ಊರುಗಳು 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ, ಆಮೇಲೆ ಬಂದ ಪ್ಲೇಗಿನಲ್ಲಿ ಹಾಳಾದವೆಂದು ಹಿರಿಯರು ಹೇಳುತ್ತಾರೆ. ಈ ಊರು ಬರಿದಾದದ್ದು ಅಷ್ಟು ಹಿಂದೆಯಲ್ಲ. ಕೆಳಗಿನ ಬಯಲಿಗೆ ರಸ್ತೆ, ಕರೆಂಟು, ಶಾಲೆ ಬಂದವು. ಕೊಳವೆಬಾವಿ ಬಂದ ಮೇಲೆ ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಬಂದವು. ಮೇಲೆ ಉಳಿದದ್ದು ಮಳೆ ನಂಬಿದ ರಾಗಿ, ಹುರುಳಿ, ಅದನ್ನು ಕಾಯಲಾಗದಷ್ಟು ಕೋತಿಗಳು ಮತ್ತು ಹೆರಿಗೆಯ ಹೆಂಗಸನ್ನು ಹೊತ್ತು ಇಳಿಸಬೇಕಾದ ಕಲ್ಲುದಾರಿ. ಒಂದೊಂದೇ ಮನೆ ಬೆಟ್ಟ ಇಳಿದು ತಪ್ಪಲಿನ ಊರುಗಳಲ್ಲಿ ಜಾಗ ಹಿಡಿಯಿತು. ನನ್ನ ತಾಯಿಯ ತವರೂ ಗುಡಿಬಂಡೆ ಕಡೆಯ ಇಂಥದೇ ಒಂದು ಊರು. ಅಲ್ಲಿ ಈಗ ಹುಣಸೆ ಮರಗಳೂ ಲಾಂಟಾನವೂ ಬಿಟ್ಟರೆ ಏನೂ ಇಲ್ಲ. ಆದ್ದರಿಂದ ಈ ವಿಷಯದಲ್ಲಿ ನಾನು ದೂರ ನಿಂತು ನೋಡುವವಳಲ್ಲ ಎಂಬುದನ್ನು ಓದುವವರಿಗೆ ಮೊದಲೇ ಹೇಳಬೇಕು.

ತಪ್ಪಲಿನ ಊರಿನವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ನಡಿಗೆ. ಹಳೆಯ ಕಾಲದವರು ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಚೊಕ್ಕಟ ಮಾಡಿ, ಕುಸಿದ ಕಡೆ ಒಣಗಲ್ಲಿನ ತಡೆಗೋಡೆ ಕಟ್ಟಿದ್ದಾರೆ. ಜೀಪು ಹತ್ತುವಂತೆ ದಾರಿ ಅಗಲ ಮಾಡಿಕೊಡುತ್ತೇವೆ ಎಂದು ಮುಂದೆ ಬಂದವರಿಗೆ ಬೇಡವೆಂದರಂತೆ. ಅತಿಥಿಗಳ ದೃಷ್ಟಿಯಿಂದ ಅದು ಸರಿಯೇ. ಆದರೆ ಊರಿನ ದೃಷ್ಟಿಯಿಂದ ನನಗೆ ಅಷ್ಟು ಖಚಿತವಿಲ್ಲ, ಏಕೆಂದರೆ ಮೇಲೆ ಈಗ ಮಕ್ಕಳೂ ಇದ್ದಾರೆ, ಎಪ್ಪತ್ತು ದಾಟಿದವರೂ ಇದ್ದಾರೆ. ಕಾಯಿಲೆ ಬಿದ್ದವರನ್ನು ಇಳಿಸಲು ಡೋಲಿಯೊಂದನ್ನು ಇಟ್ಟುಕೊಂಡಿದ್ದಾರೆ, ಅಷ್ಟೆ. ಜನ ಊರು ಬಿಡಲು ಕಾರಣವಾದ ದಾರಿಯನ್ನೇ ಅದರ ಸೊಬಗೆಂದು ಉಳಿಸಿಕೊಳ್ಳುವುದರಲ್ಲಿ ಅಪಾಯವಿದೆ. ಕನಿಷ್ಠ ಒಂದು ಟ್ರ್ಯಾಕ್ಟರ್ ಬರುವಷ್ಟಾದರೂ ದಾರಿ ಆಗಬೇಕೆಂದು ಹಳೆಯ ಕುಟುಂಬದ ಹಿರಿಯರೊಬ್ಬರು ನನ್ನೆದುರೇ ಕೇಳಿದರು. ಅದಕ್ಕೆ ಸಿಕ್ಕ ಉತ್ತರ ಸ್ಪಷ್ಟವಾಗಿರಲಿಲ್ಲ.

ಮನೆಗಳ ದುರಸ್ತಿಯ ಬಗ್ಗೆ ಹೇಳುವುದಾದರೆ, ಇಷ್ಟು ತಿಳಿದು ಮಾಡಿದ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಇವು ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು. ಕೊನೆಕೊನೆಗೆ ಇದ್ದವರು ಗೋಡೆಗೆ ಸಿಮೆಂಟು ಬಳಿದಿದ್ದರು. ಒಳಗಿನ ತೇವ ಹೊರಗೆ ಹೋಗಲಾಗದೆ ಗೋಡೆಯ ಬುಡದ ಮಣ್ಣು ಪುಡಿಯಾಗಿತ್ತು. ಆ ಸಿಮೆಂಟನ್ನೆಲ್ಲ ಕೆತ್ತಿ ತೆಗೆದು, ಗುಂಡಿಯಲ್ಲಿ ವಾರಗಟ್ಟಲೆ ನೆನೆಸಿದ ಸುಣ್ಣಕ್ಕೆ ಮರಳು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಗಾರೆ ಮಾಡಿದ್ದಾರೆ. ನಾನು ಹೋದಾಗ ಐದನೆಯ ಮನೆಯ ಮಾಳಿಗೆಯ ಕೆಲಸ ನಡೆಯುತ್ತಿತ್ತು, ಅದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಬಂದರೆ ಸೊಪ್ಪು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣಿನ ಪದರ. ಚೌಳು ಬೆಟ್ಟದಲ್ಲಿ ಸಿಗುವುದಿಲ್ಲ, ಕೆಳಗಿನ ಕೆರೆಯ ಹಿಂದಿನ ತಗ್ಗಿನಿಂದ ತರಬೇಕು. ತಂದ ಮೂಟೆಗಳನ್ನು ಊರಿನ ಮೂಲದ ಅಜ್ಜಿಯೊಬ್ಬರು ಒಂದೊಂದಾಗಿ ಬಿಚ್ಚಿಸಿ, ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಉಜ್ಜಿ, ನಾಲಿಗೆಗೆ ತಾಗಿಸಿ, ಎರಡು ಮೂಟೆಗಳನ್ನು ಪಕ್ಕಕ್ಕೆ ಇಡಿಸಿದರು. ಅದು ಬರೀ ಬೂದುಬಣ್ಣದ ಮಣ್ಣು, ಮಳೆಗೆ ಉಬ್ಬಿ ಬಿರುಕು ಮುಚ್ಚುವ ಗುಣ ಅದಕ್ಕಿಲ್ಲ ಎಂದರು. ಬೆಂಗಳೂರಿನಲ್ಲಿ ಕಟ್ಟಡ ಎಂಜಿನಿಯರ್ ಆಗಿದ್ದವರು ಪಕ್ಕದಲ್ಲಿ ನಿಂತು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

“ವರ್ಷಕ್ಕೊಂದ್ಸಲ ಚೌಳು ಹಾಕ್ಲೇಬೇಕಮ್ಮಾ. ಅದಕ್ಕೆ ಅಂತ ಊರಲ್ಲಿ ಯಾರಾನ ಇರ್ಲೇಬೇಕು,” ಎಂದರು ಅಜ್ಜಿ. ಮನೆಗಳು ಯಾಕೆ ಬಿದ್ದವೆಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಅದು. ಆ ಅಜ್ಜಿಗೆ ಮೇಸ್ತ್ರಿಯ ಕೂಲಿಯನ್ನೇ ಕೊಡುತ್ತಾರೆ ಎಂಬುದನ್ನು ವಿಚಾರಿಸಿ ತಿಳಿದುಕೊಂಡೆ. ಹೆಂಗಸೆಂದು ಕಡಿಮೆ ಮಾಡಿಲ್ಲ.

ಒಳಗೆ ಕೋಣೆ ಸರಳವಾಗಿದೆ. ಗವಾಕ್ಷಿಗೆ ಗಾಜು ಕೂರಿಸಿ ಬೆಳಕು ಬಿಟ್ಟಿದ್ದಾರೆ, ನೆಲಕ್ಕೆ ಚಪ್ಪಡಿ ಹಾಸಿದ್ದಾರೆ, ಒರಳುಕಲ್ಲು ಅದು ಇದ್ದ ಜಾಗದಲ್ಲೇ ಇದೆ. ಚಳಿಗಾಲದ ರಾತ್ರಿ ಒಳಗೆ ಬೆಚ್ಚಗಿತ್ತು. ಹಾಸಿಗೆ ತೆಳುವಾಯಿತು, ಬೆನ್ನುನೋವಿರುವವರು ಇನ್ನೊಂದನ್ನು ಕೇಳಿ ಪಡೆಯುವುದು ಒಳ್ಳೆಯದು.

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಜಿಲ್ಲೆಯಲ್ಲಿ ಯಾವ ಕೆಲಸವಾದರೂ ಕೊನೆಗೆ ನಿಲ್ಲುವುದು ಅಥವಾ ಬೀಳುವುದು ಅಲ್ಲಿಯೇ. ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ನಂದಿ ಬೆಟ್ಟದ ಸುತ್ತಮುತ್ತಲಲ್ಲೇ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಬಂದ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಕೆರೆಗಳಿಗೆ ಹರಿಸಬೇಕಾದ ಸ್ಥಿತಿಗೆ ಬಂದಿದ್ದೇವೆ. ಇಂಥ ಜಿಲ್ಲೆಯ ಬೆಟ್ಟದ ಮೇಲೆ ತಂಗುಮನೆ ನಡೆಸುವವರು ಟ್ಯಾಂಕರ್ ತರಿಸಿಕೊಂಡರೆ, ಅವರು ಮಾಡುವುದು ಊರು ಕಟ್ಟುವ ಕೆಲಸವಾಗಲಾರದು.

ಇಲ್ಲಿಗೆ ಟ್ಯಾಂಕರ್ ಬರುವುದಿಲ್ಲ, ಬೋರೂ ಕೊರೆಸಿಲ್ಲ. ಬೆಟ್ಟದ ಬೋಳು ಬಂಡೆಯೇ ಇವರ ಜಲಾನಯನ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯೆಂದು ಹಿಡಿದರೂ, ಒಂದು ಸಾವಿರ ಚದರ ಮೀಟರ್ ಬಂಡೆಯ ಮೇಲೆ ಬೀಳುವ ನೀರು ಏಳು ಲಕ್ಷ ಲೀಟರ್. ಅದರಲ್ಲಿ ಅರ್ಧ ಹಿಡಿದಿಟ್ಟರೂ ಸಣ್ಣ ಊರಿನ ಕುಡಿಯುವ ನೀರಿಗೆ ತೊಂದರೆಯಿಲ್ಲ. ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಬಂಡೆಯ ಮೇಲಿನ ಮೂರು ದೊಣೆಗಳಿಗೆ, ಅಂದರೆ ಕಲ್ಲಿನಲ್ಲೇ ಇರುವ ನೀರಿನ ಹೊಂಡಗಳಿಗೆ, ನೀರು ತಿರುಗಿಸಲು ಗಾರೆಯ ಕಿರುಗಟ್ಟೆಗಳನ್ನು ಕಟ್ಟಿದ್ದರು, ದೊಣೆ ತುಂಬಿ ಹೊರಬಂದದ್ದು ಕೆಳಗಿನ ಕುಂಟೆಗೆ ಹೋಗುತ್ತಿತ್ತು. ಹೊಸಬರು ಮಾಡಿದ್ದು ದೊಣೆಗಳ ಹೂಳೆತ್ತಿದ್ದು, ಒಡೆದ ಕಿರುಗಟ್ಟೆಗಳನ್ನು ಸುಣ್ಣದ ಗಾರೆಯಿಂದಲೇ ಸರಿಪಡಿಸಿದ್ದು, ಕುಡಿಯುವ ನೀರಿನ ದೊಣೆಗೆ ಚಪ್ಪಡಿ ಮುಚ್ಚಿ ಪಕ್ಕದಲ್ಲಿ ಮರಳು-ಇದ್ದಿಲಿನ ಶೋಧಕ ಕಟ್ಟಿದ್ದು. ಒಂದು ದೊಣೆ ಕುಡಿಯುವುದಕ್ಕೆ, ಎರಡನೆಯದು ಅಡುಗೆ ಮತ್ತು ಸ್ನಾನಕ್ಕೆ, ಕುಂಟೆ ದನಕುರಿಗಳಿಗೆ ಎಂಬ ಹಳೆಯ ಕಟ್ಟಳೆಯನ್ನೇ ಇಂದಿಗೂ ನಡೆಸುತ್ತಿದ್ದಾರೆ. ಅತಿಥಿಗಳ ಮನೆಯಲ್ಲಿ ಷವರ್ ಇಲ್ಲ. ಹಂಡೆಯಲ್ಲಿ ಕಾಯಿಸಿದ ನೀರನ್ನು ಬಕೆಟ್ಟಿನಲ್ಲಿ ತಂದಿಡುತ್ತಾರೆ. ಬೆಳಿಗ್ಗೆ ದೊಣೆಯ ಗೋಡೆಯಲ್ಲಿ ಕೊರೆದ ಗುರುತುಗಳನ್ನು ನೋಡಿ ಆ ದಿನದ ಮಟ್ಟವನ್ನು ಅಡುಗೆಮನೆಯ ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ.

ಇದಕ್ಕಿಂತ ಮುಖ್ಯವಾದದ್ದೆಂದರೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇವರು ಅತಿಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಶಾಲೆಗೆ ರಜೆ ಇರುವ, ಬೆಂಗಳೂರಿನವರು ಬೆಟ್ಟ ಹುಡುಕುವ, ಹೆಚ್ಚು ಹಣ ಬರುವ ತಿಂಗಳುಗಳವು. ದೊಣೆಯಲ್ಲಿ ಉಳಿದ ನೀರು ಊರಿನಲ್ಲಿ ವಾಸವಿರುವವರಿಗೆ ಸಾಲಬೇಕು ಎಂಬ ಲೆಕ್ಕದ ಮೇಲೆ ಬಾಗಿಲು ಹಾಕುತ್ತಾರೆ. ಈ ಒಂದು ತೀರ್ಮಾನಕ್ಕಾಗಿಯೇ ನಾನು ಇವರಿಗೆ ಹೆಚ್ಚಿನ ಅಂಕ ಕೊಡುತ್ತೇನೆ.

ಊಟ ಅವರೆಕಾಯಿಯ ಕಾಲದ್ದು, ಆದ್ದರಿಂದ ಅದೃಷ್ಟವೂ ಜೊತೆಗಿತ್ತು. ಹಿತಕಿದ ಬೇಳೆಯ ಸಾರು, ಮುದ್ದೆ, ಹುಚ್ಚೆಳ್ಳಿನ ಚಟ್ನಿ ಒಂದು ಮಧ್ಯಾಹ್ನ. ಇನ್ನೊಂದು ಹೊತ್ತು ಬೆರಕೆ ಸೊಪ್ಪಿನ ಮಸ್ಸೊಪ್ಪು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ ಎಂದು ಹೊಲದ ಬದುವಿನಿಂದ ಆಯ್ದು ತಂದದ್ದನ್ನು ಅಡುಗೆಯ ಅಕ್ಕ ಮೊರದಲ್ಲಿ ಹರಡಿ ಹೆಸರು ಹೇಳಿ ತೋರಿಸಿದರು. ಸೊಪ್ಪು ಬೇಯಿಸಿದ ಕಟ್ಟಿನಲ್ಲಿ ಬೆಳ್ಳುಳ್ಳಿ ಹೆಚ್ಚು, ಹುಳಿ ಕಡಿಮೆ. ನಮ್ಮ ಮನೆಗಳಲ್ಲಿ ಮಾಡುವ ಹದ ಅದೇ. ರಾಗಿ ಅಲ್ಲಿಯದೇ ಹೊಲದ್ದು, ಹಿಟ್ಟು ಆ ವಾರ ಬೀಸಿದ್ದು. ಮುದ್ದೆ ಕೈಗೆ ಅಂಟದೆ, ಗಂಟಿಲ್ಲದೆ ಬಂದಿತ್ತು. ಅಡುಗೆ ಮಾಡುವವರು ತಪ್ಪಲಿನ ಊರಿನಲ್ಲಿರುವ ಹಳೆಯ ಕುಟುಂಬಗಳ ಹೆಂಗಸರು, ಸರದಿಯ ಮೇಲೆ ಹತ್ತಿ ಬರುತ್ತಾರೆ.

ಇಲ್ಲಿ ನನ್ನದೊಂದು ಆಕ್ಷೇಪವಿದೆ. ರಾತ್ರಿಯ ಊಟಕ್ಕೆ ಬೆಂಗಳೂರಿನ ಮಕ್ಕಳು ಕೇಳುತ್ತಾರೆಂದು ಫ್ರೈಡ್ ರೈಸ್ ಮಾಡಿದ್ದರು. ಮಕ್ಕಳಿಗೆ ಮಾಡಲಿ, ಎಲ್ಲರಿಗೂ ಅದನ್ನೇ ಬಡಿಸುವ ಅಗತ್ಯವಿರಲಿಲ್ಲ. ಇನ್ನೂ ಮುಖ್ಯವಾಗಿ, ಇಲ್ಲಿ ಮಾಂಸದ ಅಡುಗೆ ಇಲ್ಲವೇ ಇಲ್ಲ. ಹೊಸಬರು ಸಸ್ಯಾಹಾರಿಗಳು, ಅದು ಅವರ ಇಷ್ಟ. ಆದರೆ ಆ ಊರಿನಲ್ಲಿ ಹಬ್ಬವೆಂದರೆ ನಾಟಿ ಕೋಳಿ ಸಾರು, ಮರಿ ಕುಯ್ದರೆ ತಲೆಕಾಲಿನ ಸಾರು. ಅಡುಗೆ ಮಾಡುವವರಿಗೆ ತಮ್ಮ ಮನೆಯ ಊಟವನ್ನು ತಮ್ಮದೇ ಊರಿನಲ್ಲಿ ಬೇಯಿಸಲು ಅವಕಾಶವಿಲ್ಲವೆಂದರೆ, ಅತಿಥಿಗಳಿಗೆ ಸಿಗುವ ‘ಹಳ್ಳಿಯ ಊಟ’ ಅರ್ಧ ಮಾತ್ರ. ಬೇರೆ ಒಲೆ, ಬೇರೆ ಪಾತ್ರೆ ಇಟ್ಟರೆ ಮುಗಿಯುವ ಮಾತಿದು. ಅವರಿಗೂ ಇದನ್ನು ಹೇಳಿದ್ದೇನೆ.

ಈಗ ಪಾಲಿನ ವಿಷಯ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿದ ಮೇಲೆ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ನಂದಿ ಬೆಟ್ಟದ ಸುತ್ತಲಿನ ಜಮೀನುಗಳಲ್ಲಿ ಎದ್ದಿರುವ ಕಾಂಪೌಂಡುಗಳನ್ನು ನೋಡಿದರೆ ಹಣವಿದ್ದವರು ಏನು ಮಾಡುತ್ತಾರೆಂದು ತಿಳಿಯುತ್ತದೆ. ಬೆಟ್ಟದ ಮೇಲಿನ ಪಾಳುಮನೆಗಳನ್ನು ಅಗ್ಗಕ್ಕೆ ಕೊಂಡುಬಿಡುವುದು ಈ ಮೂರು ಕುಟುಂಬಗಳಿಗೂ ಕಷ್ಟವಿರಲಿಲ್ಲ. ಹಾಗೆ ಮಾಡಿಲ್ಲ. ಮನೆಗಳ ಖಾತೆ ಇಂದಿಗೂ ಹಳೆಯ ಕುಟುಂಬಗಳ ಹೆಸರಿನಲ್ಲೇ ಇದೆ. ಹೊಸಬರು ಹದಿನೈದು ವರ್ಷಗಳ ಗುತ್ತಿಗೆ ಮಾಡಿಕೊಂಡು ದುರಸ್ತಿಯ ಖರ್ಚನ್ನು ತಾವೇ ಹಾಕಿದ್ದಾರೆ. ಪ್ರತಿ ರಾತ್ರಿಯ ಬಾಡಿಗೆಯಲ್ಲಿ ಮೂರರಲ್ಲೊಂದು ಪಾಲು ಆ ಮನೆಯ ಖಾತೆದಾರರಿಗೆ ಹೋಗುತ್ತದೆ. ಅವಧಿ ಮುಗಿದ ಮೇಲೆ ದುರಸ್ತಿಯಾದ ಮನೆ ಅವರಿಗೇ ಮರಳುತ್ತದೆ. ನಮ್ಮ ಊರುಗಳಲ್ಲಿ ಎಲ್ಲರೂ ನೋಂದಣಿ ತಪ್ಪಿಸಲು ಮಾಡುವ ಹನ್ನೊಂದು ತಿಂಗಳ ಕರಾರು ಇದಲ್ಲ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂಬ ಕಾನೂನಿನಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಪತ್ರ, ಅದೂ ಓದಿದರೆ ಅರ್ಥವಾಗುವ ಕನ್ನಡದಲ್ಲಿ. ಕೇಳಿದ ಅತಿಥಿಗಳಿಗೆ ಅದರ ನಕಲನ್ನು ತೋರಿಸುತ್ತಾರೆ. ಖಾತೆದಾರರೊಬ್ಬರನ್ನು ಕೆಳಗಿನ ಊರಿನಲ್ಲಿ ಕಂಡು ಮಾತನಾಡಿಸಿದೆ. ಪಾಲಿನ ಹಣ ತಿಂಗಳ ಮೊದಲ ವಾರದಲ್ಲೇ ಬ್ಯಾಂಕಿಗೆ ಬೀಳುತ್ತದೆ, ಲೆಕ್ಕದ ಚೀಟಿ ಮೊಬೈಲಿಗೆ ಬರುತ್ತದೆ ಎಂದರು. ಬುಸ್ಸಾನಾ ವೆಕಿಯಾದ ಕಥೆ ತಿಳಿದವರಿಗೆ ಈ ಕಾಗದಪತ್ರಗಳ ಬೆಲೆ ಗೊತ್ತಾಗುತ್ತದೆ.

ಹೊಲಗಳ ವಿಷಯದಲ್ಲಿಯೂ ಎಚ್ಚರ ವಹಿಸಿದ್ದಾರೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಆದ್ದರಿಂದ ರಾಗಿ, ಹುರುಳಿಯನ್ನು ಜಮೀನಿನವರೇ ಬಿತ್ತಿ ಬೆಳೆಯುತ್ತಾರೆ, ಹೊಸಬರು ಮೊದಲೇ ಒಪ್ಪಿದ ಬೆಲೆಗೆ ಕೊಳ್ಳುತ್ತಾರೆ. ಕಾವಲಿಗೆ ಆಳು ಇಡುವ ಖರ್ಚು ಹೊಸಬರದು. ಕೋತಿಗಳಿಗೆ ಹೆದರಿ ಬೀಳು ಬಿಟ್ಟಿದ್ದ ಹೊಲಗಳಲ್ಲಿ ಕೆಲವಾದರೂ ಮತ್ತೆ ಉತ್ತಂತಾಗಿವೆ.

ಇಷ್ಟೆಲ್ಲ ಸರಿಯಾಗಿ ಮಾಡಿದವರನ್ನು ಗಟ್ಟಿಯಾಗಿ ಕೇಳಲೇಬೇಕಾದ ಒಂದು ಮಾತಿದೆ. ಊರಿನ ಪಶ್ಚಿಮಕ್ಕೆ, ಹುಣಸೆ ಮರಗಳ ಆಚೆ, ಇನ್ನೊಂದು ಸಾಲು ಗೋಡೆಗಳಿವೆ. ಮೊಣಕಾಲೆತ್ತರದ ಗೋಡೆಗಳು, ಒಳಗೆಲ್ಲ ಲಾಂಟಾನ ತುಂಬಿದೆ. ಅದು ಕೇರಿ. ಅತಿಥಿಗಳಿಗೆ ಊರು ತೋರಿಸುವ ಬೆಳಗಿನ ನಡಿಗೆ ಅಲ್ಲಿಗೆ ಹೋಗುವುದಿಲ್ಲ. ದುರಸ್ತಿಯಾದ ನಾಲ್ಕು ಮನೆಗಳೂ, ಕೆಲಸ ನಡೆಯುತ್ತಿರುವ ಐದನೆಯದೂ ಊರೊಳಗಿನವು. ಕೇರಿಯ ಕುಟುಂಬಗಳವರು ಕಲ್ಲು ಹೊರುವ, ಹೂಳೆತ್ತುವ ಕೂಲಿಗೆ ಬರುತ್ತಾರೆ, ರಾತ್ರಿಯ ಬಾಡಿಗೆಯಲ್ಲಿ ಅವರಿಗೆ ಪಾಲಿಲ್ಲ, ಏಕೆಂದರೆ ಗುತ್ತಿಗೆಗೆ ತೆಗೆದುಕೊಂಡ ಮನೆಗಳಲ್ಲಿ ಅವರದೊಂದೂ ಇಲ್ಲ. ಕೇಳಿದಾಗ ನಡೆಸುವವರು ಕಾನೂನಿನ ತೊಡಕನ್ನು ಹೇಳಿದರು. ಕೇರಿಯ ಜಾಗ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ್ದು, 1978ರ ಪಿಟಿಸಿಎಲ್ (ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. ಅದು ನಿಜ, ಆ ಕಾಯ್ದೆ ಬೇಕಾಗಿಯೂ ಇದೆ. ಆದರೆ ಗುತ್ತಿಗೆ ಸಾಧ್ಯವಿಲ್ಲವೆಂದರೆ ಬೇರೆ ದಾರಿಯೇ ಇಲ್ಲವೆಂದಲ್ಲ. ಆ ಕುಟುಂಬಗಳೇ ತಮ್ಮ ಮನೆ ಕಟ್ಟಿಕೊಂಡು ತಾವೇ ಅತಿಥಿಗಳನ್ನು ಇಟ್ಟುಕೊಳ್ಳಲು ಕಾಯ್ದೆ ಅಡ್ಡಿಯಾಗದು. ಅದಕ್ಕೆ ಬೇಕಾದ ಸಾಲ, ಮೇಸ್ತ್ರಿ, ಅತಿಥಿಗಳ ಬುಕಿಂಗ್, ಈ ಮೂರನ್ನೂ ಒದಗಿಸುವ ಶಕ್ತಿ ಇವರಿಗಿದೆ. ಸುಣ್ಣ ನೆನೆಸುವ ಗುಂಡಿಯೂ ಅಲ್ಲೇ ಇದೆ. ಹಳೆಯ ಊರನ್ನು ಎತ್ತಿ ನಿಲ್ಲಿಸುವಾಗ ಅದರ ಹಳೆಯ ಗೆರೆಯನ್ನೂ ಹಾಗೆಯೇ ಎತ್ತಿ ನಿಲ್ಲಿಸುವುದು ಸಲ್ಲದು. ಇನ್ನೊಂದು ಸಂಗತಿಯನ್ನೂ ಹೇಳಬೇಕು: ಕುಡಿಯುವ ನೀರಿನ ದೊಣೆಯನ್ನು ಈಗ ಎಲ್ಲರೂ ಮುಟ್ಟುತ್ತಾರೆ, ಹಿಂದೆ ಹಾಗಿರಲಿಲ್ಲ ಎಂದು ಕೂಲಿಗೆ ಬಂದ ಹಿರಿಯರೊಬ್ಬರು ನನಗೆ ಹೇಳಿದರು. ಹೊಸಬರು ಬಂದ ಮೊದಲ ವರ್ಷವೇ ಅದನ್ನು ಪಟ್ಟುಹಿಡಿದು ಮಾಡಿದರಂತೆ. ಅಷ್ಟು ಮಾಡಿದವರಿಂದಲೇ ಉಳಿದದ್ದನ್ನೂ ನಿರೀಕ್ಷಿಸುತ್ತೇನೆ.

ಸೋಮವಾರದ ಪ್ರಶ್ನೆಗೆ ಸಿಕ್ಕ ಉತ್ತರ ಮಿಶ್ರವಾದದ್ದು. ಮೂರು ಹೊಸ ಕುಟುಂಬಗಳು ಪೂರ್ತಿಯಾಗಿ ಅಲ್ಲೇ ವಾಸವಾಗಿವೆ. ಅವರನ್ನು ನೋಡಿ, ಮೂಲದವರಲ್ಲಿ ಇಬ್ಬರು ಹಿರಿಯ ದಂಪತಿಗಳು ಮರಳಿ ಹತ್ತಿದ್ದಾರೆ. ಗಾರ್ಮೆಂಟ್ಸ್ ಕೆಲಸ ಬಿಟ್ಟುಬಂದ ಒಬ್ಬ ಯುವಕ ಹೆಂಡತಿಯೊಂದಿಗೆ ಕುರಿ ಸಾಕಿಕೊಂಡು ನೆಲೆಸಿದ್ದಾನೆ. ಅವನ ಮಗು ಮತ್ತು ಹೊಸಬರ ಮಕ್ಕಳು ಕೆಳಗಿನ ಸರ್ಕಾರಿ ಶಾಲೆಗೆ ದಿನವೂ ಇಳಿದು ಹತ್ತುತ್ತಾರೆ, ಜೊತೆಗೆ ಯಾರಾದರೊಬ್ಬ ದೊಡ್ಡವರು ಹೋಗುತ್ತಾರೆ, ಏಕೆಂದರೆ ಚಿರತೆಯ ಸುಳಿದಾಟವಿದೆ. ಉತ್ತರಾಖಂಡದ ಆಯೋಗದ ವರದಿಯಲ್ಲಿ, ಊರು ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಉದ್ಯೋಗಕ್ಕಾಗಿ, ಶೇಕಡ 15ರಷ್ಟು ಜನ ಶಿಕ್ಷಣಕ್ಕಾಗಿ ಬಿಟ್ಟರೆಂಬ ಲೆಕ್ಕವಿದೆ. ಹೈಸ್ಕೂಲಿನ ವಯಸ್ಸಿಗೆ ಬಂದಾಗ ಈ ಮಕ್ಕಳ ತಂದೆತಾಯಂದಿರು ಏನು ಮಾಡುತ್ತಾರೆಂಬುದೇ ಇಲ್ಲಿಯ ನಿಜವಾದ ಪರೀಕ್ಷೆಯಾಗುತ್ತದೆ. ಹೊಸಬರಲ್ಲಿ ಒಬ್ಬರು, ಆಗ ನಾವು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಬೇಕಾಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಹೊತ್ತಿಗೆ ತಂಗುಮನೆಯ ಲೆಕ್ಕಪತ್ರವನ್ನು ನೋಡಿಕೊಳ್ಳಲು ಕುರಿ ಸಾಕುವ ಆ ಯುವಕನನ್ನು ಈಗಿನಿಂದಲೇ ಅಣಿಗೊಳಿಸುತ್ತಿದ್ದಾರೆ. ಬುಕಿಂಗ್ ಪುಸ್ತಕದಲ್ಲಿ ಈಗಾಗಲೇ ಅವನ ಅಕ್ಷರವಿದೆ.

ಉಳಿದ ಕೊರತೆಗಳು ಸಣ್ಣವು. ಶೌಚಾಲಯ ಬೂದಿ ಹಾಕುವ ಒಣ ಶೌಚಾಲಯ, ವಾಸನೆಯಿಲ್ಲ, ಚೊಕ್ಕಟವಾಗಿದೆ. ಆದರೆ ನಾಲ್ಕು ಮನೆಗಳಲ್ಲಿ ಒಂದರಲ್ಲಿ ಮಾತ್ರ ಕೂರುವ ಪೀಠವಿದೆ, ಮಂಡಿನೋವಿನವರು ಆ ಮನೆಯನ್ನೇ ಕೇಳಬೇಕು. ಸೌರ ದೀಪಗಳು ರಾತ್ರಿ ಹತ್ತರ ನಂತರ ಮಂಕಾಗುತ್ತವೆ. ಕೆಲವು ಅತಿಥಿಗಳು ತಂದ ಸ್ಪೀಕರಿನ ಗದ್ದಲಕ್ಕೆ ನಡೆಸುವವರು ತಕ್ಷಣ ಹೋಗಿ ಹೇಳಿದರು, ಅವರು ಕೇಳಿದರು.

ಮೂರು ಹೊತ್ತಿನ ಊಟವೂ ಸೇರಿ ಒಬ್ಬರಿಗೆ ಒಂದು ರಾತ್ರಿಗೆ 1,800 ರೂಪಾಯಿ. ನಂದಿಯ ಸುತ್ತಲಿನ ರೆಸಾರ್ಟುಗಳಿಗೆ ಹೋಲಿಸಿದರೆ ಇದು ಕಡಿಮೆಯೇ. ಹಣ ಎಲ್ಲಿಗೆ ಹೋಗುತ್ತದೆಂಬುದು ತಿಳಿದಿರುವುದರಿಂದ ನನಗೆ ಹೆಚ್ಚೆನಿಸಲಿಲ್ಲ. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಬೆಟ್ಟದ ರಾಗಿ, ಹುರುಳಿ, ಹುಣಸೆಹಣ್ಣು ಮಾರುವ ಅವರ ಸಣ್ಣ ಮಳಿಗೆಯಿದೆ. ಅಲ್ಲಿ ವಿಚಾರಿಸಿದರೆ ಊರಿನ ಹೆಸರೂ ಫೋನ್ ನಂಬರೂ ಸಿಗುತ್ತವೆ. ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗುವುದು ಸಂಜೆ ಬಂಡೆ ಹತ್ತಿದಾಗ ಮಾತ್ರ, ಆದ್ದರಿಂದ ಕರೆ ಮಾಡುವವರು ಆರರಿಂದ ಏಳರೊಳಗೆ ಮಾಡಬೇಕು. ಗಾಡಿಯನ್ನು ತಪ್ಪಲಿನ ಊರಿನ ಶಾಲೆಯ ಬಳಿ ಬಿಟ್ಟು ನಡೆಯಬೇಕು. ಸಾಮಾನು ಹೊರುವವರು ಬೇಕೆಂದರೆ ಒಂದು ದಿನ ಮುಂಚೆ ತಿಳಿಸಬೇಕು, ಆ ಕೂಲಿಯನ್ನು ನೇರವಾಗಿ ಅವರ ಕೈಗೇ ಕೊಡಬೇಕು. ಊರ ದೇವರ ಹಬ್ಬದ ವಾರದಲ್ಲಿ ಕೊಠಡಿ ಕೇಳಬೇಡಿ. ಆ ವಾರ ನಾಲ್ಕೂ ಮನೆಗಳನ್ನು ಅವುಗಳ ಖಾತೆದಾರ ಕುಟುಂಬಗಳಿಗೆ ಬಿಟ್ಟುಕೊಡಬೇಕೆಂಬುದು ಕರಾರುಪತ್ರದಲ್ಲೇ ಬರೆದಿರುವ ಷರತ್ತು.